ಎಲ್ ಮೊರೊ ಬಂಡೆಯ ಹೆಸರುಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ, ಅಕೋಮಾ ಎಂಬ ಪುರಾತನ ಗ್ರಾಮದಿಂದ ಪಶ್ಚಿಮಕ್ಕೆ ಜೂನಿ ಜನರ ಊರುಗಳತ್ತ ಸಾಗುವ ಹಳೆಯ ದಾರಿಯ ಮಗ್ಗುಲಲ್ಲಿ, ಸುಮಾರು 200 ಅಡಿ ಎತ್ತರದ ಮರಳುಗಲ್ಲಿನ ಬೆಟ್ಟವೊಂದು ಬಯಲಿನಿಂದ ನೆಟ್ಟಗೆ ಮೇಲೆದ್ದು ನಿಂತಿದೆ. ಸ್ಪೇನಿನವರು ಇದನ್ನು ಎಲ್ ಮೊರೊ ಎಂದು ಕರೆದರು. ಮೈಲಿಗಟ್ಟಲೆ ನಡೆದರೂ ನೀರು ಸಿಕ್ಕದ ಆ ಒಣಸೀಮೆಯಲ್ಲಿ, ಮಳೆಯ ನೀರೂ ಕರಗಿದ ಹಿಮದ ನೀರೂ ಬಂಡೆಯ ನೆತ್ತಿಯಿಂದ ಧುಮುಕಿ ಬುಡದಲ್ಲಿ ತಂಗಿ, ಸುಮಾರು 12 ಅಡಿ ಆಳದ ಮಡುವೊಂದು ಅಲ್ಲಿ ಉಂಟಾಗಿದ್ದುದರಿಂದ, ಆ ದಾರಿ ಹಿಡಿದವನು ಸೈನಿಕನಾಗಲಿ, ಪಾದ್ರಿಯಾಗಲಿ, ವಲಸೆಗಾರನಾಗಲಿ, ಅಲ್ಲಿ ಬಿಡಾರ ಹೂಡದೆ ಮುಂದುವರಿಯುವಂತಿರಲಿಲ್ಲ. ಬಿಡಾರ ಹೂಡಿದವನ ಕಣ್ಣೆದುರಿಗೆ, ಚೂರಿಯ ಮೊನೆಗೂ ಒಲಿಯುವಷ್ಟು ಮೆದುವಾದ ಕಲ್ಲು, ನುಣುಪಾಗಿ, ವಿಶಾಲವಾಗಿ, ಕೈಗೆಟುಕುವಂತೆ ನಿಂತಿತ್ತು. ಹೀಗೆ ಬಂದು ಹೋದವರ ಬರಹಗಳೂ ಅವರಿಗಿಂತ ಹಿಂದಿನವರ ಚಿತ್ರಗಳೂ ಸೇರಿ ಈ ಬಂಡೆಯ ಮೈಮೇಲೆ 2,000ಕ್ಕೂ ಮಿಕ್ಕು ಗುರುತುಗಳಿವೆ.

ಪ್ರಕೃತಿರಮ್ಯ ಸ್ಥಳಗಳಲ್ಲಿ ಪ್ರವಾಸಿಗರು ತಮ್ಮ ಹೆಸರನ್ನು ಕೊರೆದು ಕಲ್ಲನ್ನು ಕೆಡಿಸುತ್ತಾರೆಂಬ ದೂರು ಇಂದು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತಿದೆ. ನಮ್ಮ ಬೆಟ್ಟಗಳ ಬಂಡೆಗಳ ಮೇಲೂ ಬಣ್ಣದಿಂದ ಬಳಿದ ಹೆಸರುಗಳನ್ನು ಕಂಡು ಮರುಗದವರಿಲ್ಲ. ಆ ಚಾಳಿಯ ಚರಿತ್ರೆಯನ್ನು ಅರಿಯಬಯಸುವವನು ಎಲ್ ಮೊರೊ ಬೆಟ್ಟವನ್ನು ಬಿಟ್ಟು ಮುಂದೆ ಹೋಗಲಾರನು. ಏಕೆಂದರೆ ಕೊರೆದ ಹೆಸರುಗಳನ್ನು ನಿಧಿಯೆಂದು ಕಾಯುವ ಕಟ್ಟಳೆಯೂ, ಹೊಸದಾಗಿ ಹೆಸರು ಕೊರೆಯುವುದನ್ನು ಅಪರಾಧವೆಂದು ಸಾರುವ ಕಟ್ಟಳೆಯೂ ಇಲ್ಲಿ ಒಂದೇ ದಿನ, ಒಂದೇ ಘೋಷಣೆಯಿಂದ ಹುಟ್ಟಿದವು.

ಬೆಟ್ಟದ ನೆತ್ತಿಯ ಮೇಲೆ ಅತ್ಸಿನ್ನಾ ಎಂಬ ಹಾಳೂರಿದೆ. 13ನೆಯ ಶತಮಾನದ ಅಂತ್ಯಭಾಗದಲ್ಲಿ ಕಟ್ಟಲ್ಪಟ್ಟು, ಮುಂದಿನ ಶತಮಾನದಲ್ಲಿ ತೊರೆಯಲ್ಪಟ್ಟ ಈ ಊರಿನಲ್ಲಿ ಸುಮಾರು 875 ಕೋಣೆಗಳಿದ್ದುವು. ಅಲ್ಲಿ ವಾಸವಾಗಿದ್ದವರು ಕೈಬೆರಳೂ ಕಾಲ್ಬೆರಳೂ ಊರುವಷ್ಟೇ ಕುಳಿಗಳನ್ನು ಕಡಿದಾದ ಬಂಡೆಯಲ್ಲಿ ತೋಡಿಕೊಂಡು, ಅವುಗಳನ್ನು ಹಿಡಿದು ನೀರಿಗಿಳಿದು, ಮತ್ತೆ ಮೇಲೇರುತ್ತಿದ್ದರು. ಬಂಡೆಯ ಮೈಮೇಲೆ ಕಾಡುಟಗರುಗಳನ್ನೂ ಅಂಗೈಯ ಗುರುತುಗಳನ್ನೂ ಕೊರೆದವರು ಅವರೇ. ಅವರ ಸಂತತಿಯವರಾದ ಜೂನಿ ಜನರು ಈ ಸ್ಥಳವನ್ನು ಇಂದಿಗೂ ಪೂರ್ವಿಕರ ನೆಲೆಯೆಂದು ಭಾವಿಸುತ್ತಾರೆ. ಆದುದರಿಂದ ಯುರೋಪಿನವರು ಈ ಬಂಡೆಯ ಮೇಲೆ ತಮ್ಮ ಹೆಸರನ್ನು ಬರೆಯತೊಡಗಿದಾಗ ಅದು ಬರಿದಾದ ಬಂಡೆಯಾಗಿರಲಿಲ್ಲ. ಪರರ ಮನೆಯ ಜಗಲಿಯ ಮೇಲೆ ಬರೆದಂತಹ ಕೆಲಸವಾಗಿತ್ತು ಅದು, ಮತ್ತು ಆ ಮನೆಯವರ ಅನುಮತಿಯನ್ನು ಕೇಳಬೇಕೆಂಬ ಯೋಚನೆ ಅವರಲ್ಲಿ ಯಾರಿಗೂ ಸುಳಿದಂತೆ ಕಾಣುವುದಿಲ್ಲ.

ಕಾಲನಿರ್ದೇಶವುಳ್ಳ ಸ್ಪೇನೀ ಬರಹಗಳಲ್ಲಿ ಅತ್ಯಂತ ಹಳೆಯದು ಹ್ವಾನ್ ದೆ ಒನ್ಯಾತೆಯದು. ಕ್ಯಾಲಿಫೋರ್ನಿಯ ಕೊಲ್ಲಿಯವರೆಗೆ ಹೋಗಿ, ದಕ್ಷಿಣ ಸಮುದ್ರವನ್ನು, ಎಂದರೆ ಪೆಸಿಫಿಕ್ ಸಾಗರವನ್ನು, ಕಂಡುಹಿಡಿದೆನೆಂದು ನಂಬಿ ಮರಳುತ್ತಿದ್ದ ಆ ದಂಡನಾಯಕನು, 1605ನೆಯ ಏಪ್ರಿಲ್ 16ರಂದು ತಾನು ಇಲ್ಲಿಂದ ಹಾದುಹೋದುದನ್ನು ಬಂಡೆಯಲ್ಲಿ ನಮೂದಿಸಿದನು. ಅದಕ್ಕೆ ಆರು ವರ್ಷಗಳ ಹಿಂದೆ, 1599ರಲ್ಲಿ, ಅಕೋಮಾ ಗ್ರಾಮವನ್ನು ಮುರಿದು, ನೂರಾರು ಜನರನ್ನು ಕೊಲ್ಲಿಸಿ, ಸೆರೆಸಿಕ್ಕ ಪುರುಷರಲ್ಲಿ 25 ವರ್ಷ ಮೀರಿದವರ ಒಂದು ಪಾದವನ್ನು ಕತ್ತರಿಸತಕ್ಕದ್ದೆಂದು ತೀರ್ಪು ಕೊಟ್ಟವನೂ ಇವನೇ. ಬಂಡೆಯ ಮೇಲೆ ಅದರ ಸೊಲ್ಲಿಲ್ಲ. ಚರಿತ್ರಕಾರರು ಪೂಜ್ಯಭಾವದಿಂದ ಓದುವ ಈ ಪಂಕ್ತಿ, ಕೊರೆದ ಕೈಯ ವಿಚಾರದಲ್ಲಿ ನೋಡಿದರೆ, ಇಂದಿನ ಯಾವ ಉಡಾಳ ಪ್ರವಾಸಿಯ ಗೀಚಿಗಿಂತಲೂ ಹೆಚ್ಚು ನಿರ್ಮಲವಾದುದಲ್ಲ. ನಾಲ್ಕು ಶತಮಾನಗಳು ಕಳೆದುವೆಂಬ ಮಾತ್ರದಿಂದ ಅದಕ್ಕೆ ಪಾವಿತ್ರ್ಯ ಬಂದಿತೆಂದು ನಾನು ಒಪ್ಪಲಾರೆನು.

ಅನಂತರ ಬಂದವರೂ ಅನೇಕರು. 1620ರ ಒಂದು ಬರಹದಲ್ಲಿ, ಗವರ್ನರ್ ಎಯುಲಾತೆಯದೆಂದು ವಿದ್ವಾಂಸರು ಹೇಳುವ ಆತ್ಮಪ್ರಶಂಸೆಯ ಸಾಲುಗಳ ನಡುವೆ, ಬರೆಸಿದವನು ತನ್ನನ್ನು ಸಭ್ಯನೆಂದು ಕರೆದುಕೊಂಡಿರುವ ಪದವನ್ನು ಮಾತ್ರ ಯಾರೋ ಹಟದಿಂದ ಉಜ್ಜಿ ಅಳಿಸಿದ್ದಾರೆ. ಅಧಿಕಾರಿಯ ಮುಖದೆದುರು ಆಡಲಾಗದ ಮಾತನ್ನು ಆತನ ಕೈಕೆಳಗಿನವನೊಬ್ಬನು ಕಲ್ಲಿನೊಡನೆ ಆಡಿರಬೇಕು. 1632ರ ಮಾರ್ಚಿಯಲ್ಲಿ ಲುಹಾನ್ ಎಂಬ ಸೈನಿಕನು, ಜೂನಿ ಜನರಿಂದ ಹತನಾದ ಪಾದ್ರಿ ಲೆತ್ರಾದೊನ ಸೇಡು ತೀರಿಸಿಕೊಳ್ಳಲು ದಂಡು ಈ ದಾರಿಯಲ್ಲಿ ಹೋಯಿತೆಂದು ಒಂದೆರಡು ಸಾಲು ಬರೆದನು. 1680ರಲ್ಲಿ, ಜೂನಿ, ಅಕೋಮಾ ಮೊದಲಾದ ಊರುಗಳ ಮೂಲನಿವಾಸಿಗಳಾದ ಪ್ವೆಬ್ಲೊ ಜನರಲ್ಲಿ ಬಹುಪಾಲಿನವರು ಒಗ್ಗೂಡಿ ದಂಗೆಯೆದ್ದು ಸ್ಪೇನಿನವರನ್ನು ನಾಡಿನಿಂದಲೇ ಹೊರಗಟ್ಟಿದ ಮೇಲೆ, 1692ರಲ್ಲಿ ಅದನ್ನು ಮರಳಿ ಗೆಲ್ಲಲು ಬಂದ ದಿಯೆಗೊ ದೆ ವಾರ್ಗಾಸನು, ತಾನು ಧರ್ಮಕ್ಕೂ ಅರಸನಿಗೂ ಈ ಸೀಮೆಯನ್ನು ಗೆದ್ದುಕೊಟ್ಟುದನ್ನು ಸಾರುವುದರ ಜೊತೆಗೆ, ಅದಕ್ಕೆ ತಗಲಿದ ವೆಚ್ಚ ತನ್ನ ಕೈಯದೆಂಬುದನ್ನೂ ಮರೆಯದೆ ಕೆತ್ತಿದನು.

ಬಂಡೆ ಆಂಗ್ಲಭಾಷೆಯನ್ನು ಕಂಡುದು 1849ರಲ್ಲಿ. ಅಮೆರಿಕನ್ ಸೇನೆಯ ಲೆಫ್ಟಿನೆಂಟ್ ಸಿಂಪ್ಸನ್ ಮತ್ತು ಚಿತ್ರಕಾರ ರಿಚರ್ಡ್ ಕರ್ನ್ ಸೆಪ್ಟೆಂಬರ್ 17 ಮತ್ತು 18ರಂದು ಅಲ್ಲಿದ್ದು, ಹಳೆಯ ಬರಹಗಳನ್ನು ಒಂದೊಂದಾಗಿ ಪ್ರತಿ ಮಾಡಿಕೊಂಡರು. ಎಲ್ ಮೊರೊ ಬರಹಗಳನ್ನು ಚರಿತ್ರೆಯ ಆಕರವೆಂದು ಕಂಡು ದಾಖಲಿಸಿದ ಮೊದಲಿಗರು ಇವರು. ಆದರೂ ಹೊರಡುವ ಮುನ್ನ, ತಾವು ಬಂದು ಪ್ರತಿಮಾಡಿದುದನ್ನು ತಾವೇ ಬಂಡೆಯಲ್ಲಿ ಕೊರೆದರು. ಅವಸರದಲ್ಲಿಯೋ ಆಯಾಸದಲ್ಲಿಯೋ ಒಂದು ಅಕ್ಷರ ಬಿಟ್ಟುಹೋಗಿ, ಅದನ್ನು ಮೇಲೆ ಪುಟ್ಟದಾಗಿ ಸೇರಿಸಿ, ಕೆಳಗೆ ಹಂಸಪಾದ ಹಾಕಿರುವುದು ಇಂದಿಗೂ ಕಾಣುತ್ತದೆ. ಕಾಯುವ ಕೈಯೂ ಕೊರೆಯುವ ಕೈಯೂ ಅಂದು ಬೇರೆ ಬೇರೆಯಾಗಿರಲಿಲ್ಲ. ಹೀಗೆ ಮಾಡಬಾರದೆಂಬ ಭಾವನೆ ಆ ಇಬ್ಬರು ಸುಸಂಸ್ಕೃತರಿಗೂ ಹೊಳೆಯಲಿಲ್ಲ.

ಅವರ ಹಿಂದೆಯೇ ವಲಸೆಯ ಬಂಡಿಗಳು ಬಂದುವು. 1857ರಲ್ಲಿ ಬೀಲ್ ಎಂಬ ಅಧಿಕಾರಿಯು ಮರುಭೂಮಿಯ ದಾರಿಗೆ ಒಂಟೆಗಳು ಒಗ್ಗುವುವೋ ಎಂದು ಪರೀಕ್ಷಿಸುತ್ತ 25 ಒಂಟೆಗಳೊಡನೆ ಇಲ್ಲಿ ಹಾದುಹೋದನು. ಅವುಗಳ ಮೇಲ್ವಿಚಾರಕನಾಗಿದ್ದ ಬ್ರೆಕಿನ್‌ರಿಜ್ಜನ ಹೆಸರು ಬಂಡೆಯ ಮೇಲಿದೆ. 1858ರಲ್ಲಿ ಕ್ಯಾಲಿಫೋರ್ನಿಯಕ್ಕೆಂದು ಹೊರಟ ಕುಟುಂಬಗಳ ಗುಂಪಿನಲ್ಲಿ ಸ್ಯಾಲಿ ಫಾಕ್ಸ್ ಎಂಬ 12 ವರ್ಷದ ಬಾಲೆಯೊಬ್ಬಳಿದ್ದಳು. ಕೆಲವು ವಾರಗಳ ತರುವಾಯ ಕೊಲರಾಡೊ ನದಿಯ ದಡದಲ್ಲಿ ಮೊಹಾವಿ ಜನರು ಆ ಗುಂಪಿನ ಮೇಲೆ ಎರಗಿದಾಗ ಅವಳಿಗೆ ಬಾಣ ತಗಲಿತು. ಬದುಕುಳಿದವರು ದನಕರುಗಳಲ್ಲಿಯೂ ಬಂಡಿಗಳಲ್ಲಿಯೂ ಬಹುಪಾಲನ್ನು ಕಳೆದುಕೊಂಡು, ಬಹುದೂರ ನಡೆದೇ ಆಲ್ಬುಕರ್ಕಿಗೆ ಹಿಂದಿರುಗಿದರು. ಸ್ಯಾಲಿ ಬದುಕಿಕೊಂಡಳು. ಬಂಡೆಯ ಮೇಲೆ ಉಳಿದಿರುವುದು ಅವಳ ಹೆಸರೊಂದೇ. ಗವರ್ನರುಗಳ ಬಿರುದುಬಾವಲಿಗಳಿಗಿಂತ ಆ ಹೆಸರೇ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುತ್ತದೆ. ಗೆದ್ದೆನೆಂದಾಗಲಿ ಕೊಂದೆನೆಂದಾಗಲಿ ಅದು ಏನನ್ನೂ ಹೇಳುವುದಿಲ್ಲ.

1868ರಲ್ಲಿ ರೈಲುಮಾರ್ಗಕ್ಕಾಗಿ ಅಳತೆ ಮಾಡಲು ಬಂದವರೂ ಹೆಸರು ಕೊರೆದರು. ಕಡೆಗೆ 1880ರ ದಶಕದ ಆರಂಭದಲ್ಲಿ ಕಂಬಿಗಳು ಬೆಟ್ಟದಿಂದ ಸುಮಾರು 25 ಮೈಲಿ ಉತ್ತರಕ್ಕೆ ಬಿದ್ದುವು. ಮಡುವಿನ ನೀರು ಯಾರಿಗೂ ಬೇಡವಾಯಿತು. ನೀರಿಗಾಗಿ ಬರುವವರು ನಿಂತುಹೋಗಿ, ನೋಡುವುದಕ್ಕಾಗಿಯೇ ಬರುವವರು ತೊಡಗಿದುದು ಆಮೇಲೆ. ಅವರು ಹಳೆಯ ಹೆಸರುಗಳನ್ನು ನೋಡಿದರು, ತಮ್ಮ ಹೆಸರನ್ನೂ ಸೇರಿಸಿದರು, ಸ್ಥಳ ಸಾಲದಾದಾಗ ಹಳೆಯದರ ಮೇಲೆಯೇ ಕೊರೆದರು. 1906ನೆಯ ಜೂನ್ 8ರಂದು ಪುರಾವಸ್ತುಗಳ ರಕ್ಷಣೆಯ ಕಾಯಿದೆ ಅಮೆರಿಕದಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ಡಿಸೆಂಬರ್ 8ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನು ಎಲ್ ಮೊರೊ ಬೆಟ್ಟವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದನು. ಅಂದಿನಿಂದ ಅಲ್ಲಿ ಕೊರೆಯುವುದು ನಿಷಿದ್ಧ.

ನಮ್ಮವರಿಗೆ ಈ ಕಥೆ ಅಪರಿಚಿತವೆನಿಸಲಾರದು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವನು, ದೂರದೂರದಿಂದ ಬಂದ ಯಾತ್ರಿಕರು ಬಂಡೆಯ ಮೈಯಲ್ಲಿ ಬಿಟ್ಟುಹೋದ ಹೆಸರುಗಳ ನಡುವೆಯೇ ಕಾಲಿಡುತ್ತಾನೆ. ರನ್ನನದೆಂದು ವಿದ್ವಾಂಸರು ಗುರುತಿಸಿರುವ ಕವಿರತ್ನನೆಂಬ ಹೆಸರೂ ಅಲ್ಲಿದೆ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹೊರತಂದ ಬೆಳಗೊಳದ ಶಾಸನಸಂಪುಟದಲ್ಲಿರುವ 500 ಶಾಸನಗಳಲ್ಲಿ ಗಣನೀಯವಾದ ಭಾಗ ಇಂತಹ ಯಾತ್ರಿಕರ ಹೆಸರುಗಳದೇ. ರನ್ನನು ಬರೆಯಬಹುದಾಗಿದ್ದರೆ ನಾನೇಕೆ ಬರೆಯಬಾರದೆಂದು ಇಂದು ಕೇಳುವವನಿಗೆ, ರನ್ನನು ಮಹಾಕವಿ, ನೀನು ಸಾಮಾನ್ಯನು ಎಂದು ಉತ್ತರಿಸುವುದು ಸರಿಯಲ್ಲ. ಸ್ಯಾಲಿ ಫಾಕ್ಸಳೂ ಸಾಮಾನ್ಯಳೇ. ಸರಿಯಾದ ಉತ್ತರವೆಂದರೆ, ಬಂಡೆಯ ಮೈಗೆ ಮಿತಿಯುಂಟು, ಬರುವವರ ಸಂಖ್ಯೆಗೆ ಮಿತಿಯಿಲ್ಲ ಎಂಬುದು. ವರ್ಷಕ್ಕೊಂದು ದಂಡು ಹಾದುಹೋಗುತ್ತಿದ್ದ ಕಾಲದಲ್ಲಿ ಕಲ್ಲು ತಾಳಿಕೊಂಡುದನ್ನು, ದಿನಕ್ಕಿಷ್ಟು ಮೋಟಾರು ಬಂದಿಳಿಯುವ ಕಾಲದಲ್ಲಿ ಅದು ತಾಳಲಾರದು. ಮನುಷ್ಯನ ಸ್ವಭಾವ ಕೆಟ್ಟಿತೆಂದು ನಾನು ನಂಬುವುದಿಲ್ಲ. ಹಾದಿ ಸುಗಮವಾಯಿತು, ಅಷ್ಟೇ, ಮತ್ತು ಸುಗಮವಾದ ಹಾದಿಯಲ್ಲಿ ಬರುವವನು ತನ್ನ ಕೈಯನ್ನು ತಾನೇ ತಡೆಯಬೇಕಾದ ಹೊಣೆ ಹಿಂದಿನವನಿಗಿರಲಿಲ್ಲ, ಇಂದಿನವನಿಗಿದೆ.

ಆದರೆ ಕಾಯಲು ನಿಂತವರೂ ಬಂಡೆಗೆ ಪೆಟ್ಟು ಕೊಡದೆ ಇರಲಿಲ್ಲ. ಸಮೀಪದ ಕುರಿಸಾಕಣೆಯ ಒಡೆಯನಾಗಿದ್ದ ಈವನ್ ವೋಗ್ಟನು ಸ್ಮಾರಕದ ಪಾಲಕನಾಗಿ ನಿಯುಕ್ತನಾಗಿ, ಅದನ್ನು ಅಕ್ಕರೆಯಿಂದ ನೋಡಿಕೊಂಡನು. ಸವೆಯುತ್ತಿದ್ದ ಸ್ಪೇನೀ ಅಕ್ಷರಗಳು ಸ್ಫುಟವಾಗಿ ಕಾಣಲೆಂದು ಅವುಗಳ ಗೆರೆಗಳನ್ನು ಗಟ್ಟಿ ಪೆನ್ಸಿಲಿನಿಂದ ಕಪ್ಪಾಗಿಸುವುದು ಆ ಕಾಲದಲ್ಲಿ ನಡೆಯಿತು. 1920ರ ದಶಕದಲ್ಲಿ, 1906ರಿಂದೀಚೆಗೆ ಕೊರೆದವೆಂದು ತೋರಿದ ಹೆಸರುಗಳನ್ನು ಮರಳುಗಲ್ಲಿನ ತುಂಡಿನಿಂದ ತಿಕ್ಕಿ ತಿಕ್ಕಿ ಅಳಿಸಲಾಯಿತು. ಹಾಗೆ ತಿಕ್ಕಿದೆಡೆಗಳಲ್ಲಿ ಬಂಡೆಯ ಮೈ ಅಸಹಜವಾಗಿ ನುಣುಪಾಗಿ, ತುಸು ತಗ್ಗಾಗಿ ಉಳಿದಿದೆ. ಉದ್ದೇಶ ಶುದ್ಧವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅಳಿಸಿದ ಹೆಸರುಗಳು ಯಾರುಯಾರವೆಂದು ಇನ್ನು ಕಲ್ಲನ್ನು ಕೇಳಿ ತಿಳಿಯುವ ದಾರಿಯಿಲ್ಲ. ಮೇಲ್ಪದರ ಒಮ್ಮೆ ಹೋದ ಮೇಲೆ, ಅದನ್ನು ಒಯ್ದುದು ಪುಂಡನ ಚೂರಿಯೋ ಪಾಲಕನ ಕಲ್ಲೋ ಎಂಬ ಭೇದ ಬಂಡೆಗಿಲ್ಲ.

ಶಿಕ್ಷೆಯ ಭಯದಿಂದ ಚಾಳಿ ನಿಂತಿಲ್ಲ. 2011ರಲ್ಲಿ ಇಬ್ಬರು ವಿದ್ಯಾರ್ಥಿಗಳು ಅಲ್ಲಿ ಹೊಸ ಹೆಸರು ಕೊರೆದು ಸಿಕ್ಕಿಬಿದ್ದು, ಸುಮಾರು 30,000 ಡಾಲರುಗಳನ್ನು ನಷ್ಟಭರ್ತಿಯಾಗಿ ತೆರಬೇಕಾಯಿತು. ಈಗಿನ ಪಾಲಕರ ಎದುರಿಗೆ ಇದಕ್ಕಿಂತ ಕಠಿಣವಾದ ಸಮಸ್ಯೆಯೊಂದಿದೆ. ಮಳೆ, ಹಿಮ, ಗಾಳಿ, ಕಲ್ಲುಹೂ, ಇವುಗಳಿಂದ ಬಂಡೆ ತಾನಾಗಿಯೇ ಕಣಕಣವಾಗಿ ಉದುರುತ್ತ, ಜೂನಿ ಜನರ ಟಗರನ್ನೂ ಒನ್ಯಾತೆಯ ಹೆಸರನ್ನೂ ಸ್ಯಾಲಿಯ ಹೆಸರನ್ನೂ ಒಂದೇ ಸಮನಾಗಿ ಸವೆಸುತ್ತಿದೆ. ಗಟ್ಟಿಗೊಳಿಸಲೆಂದು ಅಂಟನ್ನು ಊಡಿಸಿದರೆ, ಮೇಲ್ಪದರ ಬಿಗಿದು, ಒಳಗೆ ಸೇರಿದ ತೇವ ಹೊರಬರಲಾರದೆ, ಆ ಪದರವೇ ಚಕ್ಕೆಯಾಗಿ ಕಳಚಿ ಬೀಳುವ ಅಪಾಯವುಂಟು. ಆದುದರಿಂದ ಅವರು ಮುಟ್ಟುವುದಕ್ಕಿಂತ ಹೆಚ್ಚಾಗಿ ಚಿತ್ರ ತೆಗೆಯುತ್ತ, ಅಳತೆ ಮಾಡುತ್ತ, ಪ್ರತಿ ಮಾಡುತ್ತ, ಸಿಂಪ್ಸನ್ ಮತ್ತು ಕರ್ನ್ ಎರಡು ದಿನಗಳಲ್ಲಿ ಮಾಡಿದ ಕೆಲಸವನ್ನೇ ಕೊರೆಯದೆ ಮುಂದುವರಿಸುತ್ತಿದ್ದಾರೆ.