ಗೋಡೆಯೂ ಗೂಟವೂ: ಕೋಲಾರದ ಚಿನ್ನದ ಗಣಿ ಪ್ರದೇಶವನ್ನು ಕುರಿತ ಒಂದು ವಿಚಾರ

೧

ಕೋಟೆಯ ಗೋಡೆಯನ್ನು ಅಳೆದು, ದೇವಾಲಯದ ಭಿತ್ತಿಯನ್ನು ವರ್ಣಿಸುವ ಇತಿಹಾಸಕಾರನು ಸಾಮಾನ್ಯನ ಮನೆಯ ಗೋಡೆಗೆ ಹೊಡೆದ ಗೂಟದ ಕಡೆಗೆ ದೃಷ್ಟಿ ಹರಿಸುವುದು ಅಪೂರ್ವ. ಆದರೆ ಗೋಡೆಯ ಮೇಲೆ ಜನರು ಏನನ್ನು ತೂಗುಹಾಕುತ್ತಿದ್ದರು, ಹೇಗೆ ತೂಗುಹಾಕುತ್ತಿದ್ದರು ಎಂಬುದರಿಂದ ಆ ಗೋಡೆಯ ಸ್ವರೂಪವೂ ಅದರ ಹಿಂದೆ ಬಾಳಿದವರ ಸ್ಥಿತಿಗತಿಯೂ ತಿಳಿದುಬರುತ್ತವೆ. ಇಂದು ನಗರಗಳ ಕಟ್ಟಡಗಳಲ್ಲಿ ಜಿಪ್ಸಂ ಹಲಗೆಯ ಗೋಡೆಗಳು ಹೆಚ್ಚುತ್ತಿವೆ. ಇಟ್ಟಿಗೆಯ ಗೋಡೆಗೆ ಮೊಳೆ ಹೊಡೆದಂತೆಯೇ ಇವಕ್ಕೂ ಹೊಡೆದು, ಕಪಾಟು ಕಳಚಿಬಿದ್ದ ಮೇಲೆ ಹಲಗೆಯನ್ನು ದೂಷಿಸುವವರುಂಟು. ಜಿಪ್ಸಂ ಹಲಗೆಯು ತೆಳುವಾದ ಇಟ್ಟಿಗೆಯ ಗೋಡೆಯಲ್ಲ, ನಮ್ಮ ಹಿಂದಿನ ತಟ್ಟಿಯ ಗೋಡೆಯ ವಂಶಕ್ಕೆ ಸೇರಿದುದು ಎಂಬುದನ್ನು ಕೋಲಾರದ ಚಿನ್ನದ ಗಣಿ ಪ್ರದೇಶದ ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕೋಲಾರದ ಸೀಮೆ ಕಗ್ಗಲ್ಲಿನ ಸೀಮೆ. ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಗೋಡೆ ಮಾಡುವ ರೂಢಿ ಇಲ್ಲಿ ಹಳೆಯದು. ಅಂಥ ಗೋಡೆಯಲ್ಲಿ ಏನನ್ನಾದರೂ ನಿಲ್ಲಿಸಬೇಕಾದರೆ ಉಳಿಯಿಂದ ರಂಧ್ರ ಕೊರೆದು, ಒಣಗಿದ ಮರದ ಬೆಣೆಯನ್ನು ಬಿಗಿಯಾಗಿ ಬಡಿದು, ಅದಕ್ಕೆ ಮೊಳೆ ಹೊಡೆಯುವುದು ಕ್ರಮ. ಬೆಣೆಯು ರಂಧ್ರದ ಬದಿಗಳನ್ನು ಒತ್ತುತ್ತದೆ. ಕಲ್ಲು ಮಣಿಯದೆ ಮರಳಿ ಒತ್ತುತ್ತದೆ. ಈ ಘರ್ಷಣೆಯೇ ಆಧಾರ.

ಮಣ್ಣಿನ ಗೋಡೆಯ ಮನೆಗಳಲ್ಲಿ ಈ ಕ್ರಮ ಅಷ್ಟಾಗಿ ಸಲ್ಲದು. ಆದುದರಿಂದಲೇ ದೀಪಕ್ಕೆ ಗೋಡೆಯಲ್ಲಿ ಗೂಡು ಬಿಟ್ಟರು. ಹಾಲು ಮೊಸರಿನ ಗಡಿಗೆಗಳ ನೆಲುವನ್ನು ತೊಲೆಯಿಂದ ಇಳಿಬಿಟ್ಟರು. ಗೋಡೆ ಹೊರಲಾರದ ಭಾರವನ್ನು ಮನೆಯ ಅಸ್ಥಿಪಂಜರಕ್ಕೆ ಒಪ್ಪಿಸಬೇಕೆಂಬ ವಿವೇಕ ಇದರಲ್ಲಿ ಸ್ಪಷ್ಟವಾಗಿದೆ.

ಗಣಿಗಳ ಆಗಮನದಿಂದ ಮೂರನೆಯ ಬಗೆಯ ಗೋಡೆ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಎದ್ದಿತು. ೧೮೭೦ರ ದಶಕದಲ್ಲಿ ಲ್ಯಾವೆಲ್ ಎಂಬಾತನು ಚಿನ್ನ ಹುಡುಕಲು ಅನುಮತಿ ಪಡೆದುದೂ, ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಆಡಳಿತಕ್ಕೆ ಬಂದುದೂ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳು. ಮೈಸೂರಿನ ಕಮಿಷನರನಾಗಿದ್ದ ಬೌರಿಂಗನ ಹೆಸರನ್ನು ಹೊತ್ತ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ೧೮೯೪ರಲ್ಲಿ ರೈಲು ಹಾದಿ ಬಂದಿತು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಕೂಲಿಗಾರರು ಸಾವಿರಗಟ್ಟಲೆ ಬಂದು ನೆಲಸಿದರು. ಅವರಿಗಾಗಿ ಎದ್ದ ಸಾಲುಮನೆಗಳಲ್ಲಿ ಬಹಳಷ್ಟು ಬಿದಿರ ತಟ್ಟಿಯವು. ಅಧಿಕಾರಿಗಳ ಬಂಗಲೆಗಳಾದರೋ ದಪ್ಪ ಗೋಡೆಯವು. ಗೋಡೆಯ ದಪ್ಪವನ್ನು ನೋಡಿಯೇ ವಾಸಿಸುವವನ ಅಂತಸ್ತನ್ನು ಹೇಳಬಹುದಾಗಿತ್ತು.

ತಟ್ಟಿಯ ಗೋಡೆಯಲ್ಲಿ ಎರಡು ಅಂಗಗಳಿವೆ: ನೆಲದಲ್ಲಿ ನಿಂತು ಮಾಡನ್ನು ಹೊರುವ ಕಂಬಗಳು, ಅವುಗಳ ನಡುವೆ ಮರೆಯಾಗಿ ನಿಲ್ಲುವ ತಟ್ಟಿ. ತಟ್ಟಿಗೆ ಮೊಳೆ ಹೊಡೆದರೆ ಅದು ನಿಲ್ಲದು. ಇಲ್ಲಿ ಭಾರವನ್ನು ತೂಗುಹಾಕಲು ಎರಡೇ ದಾರಿ. ಒಂದು, ಕಂಬಕ್ಕೆ ಕಟ್ಟುವುದು. ಇನ್ನೊಂದು, ತಟ್ಟಿಯ ಸಂದಿನಿಂದ ಹಗ್ಗವನ್ನು ಹೊರಕ್ಕೆ ತೂರಿಸಿ, ಹಿಂದೆ ಅಡ್ಡಲಾಗಿ ಒಂದು ಕಡ್ಡಿಯನ್ನಿಟ್ಟು ಬಿಗಿಯುವುದು. ಕಡ್ಡಿಯು ಭಾರವನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸದೆ ತಟ್ಟಿಯ ಅಗಲಕ್ಕೆ ಹಂಚುತ್ತದೆ.

ಹೀಗೆ ಮೂರು ತತ್ತ್ವಗಳು ದೊರೆತುವು: ಗಟ್ಟಿ ಗೋಡೆಗೆ ಬೆಣೆ, ಟೊಳ್ಳು ಗೋಡೆಯಲ್ಲಿ ಅಸ್ಥಿಪಂಜರದ ಆಸರೆ, ಅದು ಸಿಕ್ಕದಲ್ಲಿ ಹಿಂಬದಿಯಲ್ಲಿ ಹರಡುವ ಅಡ್ಡಕಡ್ಡಿ. ಮುಂದೆ ಬಂದ ಸಾಧನಗಳೆಲ್ಲವೂ ಇವುಗಳ ರೂಪಾಂತರಗಳೇ.

೩

ಗೋಡೆಯಿಂದ ಜನರು ಬಯಸುವ ಕೆಲಸವನ್ನು ಹೆಚ್ಚಿಸಿದುದು ವಿದ್ಯುಚ್ಛಕ್ತಿ. ೧೯೦೨ರ ಜೂನ್ ತಿಂಗಳಿನಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರು ದೂರದ ಈ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದು ಮೊದಲು ಹೋದುದು ಗಣಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು ೧೯೦೫ರಲ್ಲಿ. ವಿದ್ಯುತ್ತು ಹೊಕ್ಕ ಕಟ್ಟಡದಲ್ಲೆಲ್ಲ ತಂತಿ, ಗುಂಡಿ, ದೀಪಗಳನ್ನು ಗೋಡೆಯ ಮೇಲೆ ನಿಲ್ಲಿಸಬೇಕಾಯಿತು. ಪ್ರತಿಯೊಂದಕ್ಕೂ ದೊಡ್ಡ ರಂಧ್ರ ಕೊರೆದು ಮರದ ಬೆಣೆ ಕೂರಿಸಿ ಗಾರೆ ಮೆತ್ತುವುದು ಶ್ರಮದ ಕೆಲಸ, ಗೋಡೆಗೂ ಹಾನಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ೧೯೧೦-೧೧ರ ಸುಮಾರಿಗೆ ಇದೇ ತೊಡಕು ಎದುರಾದಾಗ, ಗೋಡೆ ಕೆಡದಂತೆ ವಿದ್ಯುತ್ ಉಪಕರಣಗಳನ್ನು ಕೂರಿಸುವ ಕೆಲಸವನ್ನು ವಹಿಸಿಕೊಂಡ ಜಾನ್ ರಾಲಿಂಗ್ಸ್ ಎಂಬಾತನು ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಸಣ್ಣ ಕೊಳವೆ ಮಾಡಿದನು. ತಿರುಪುಮೊಳೆ ಒಳಹೊಕ್ಕಂತೆ ಅದು ಉಬ್ಬಿ ರಂಧ್ರವನ್ನು ಒತ್ತುತ್ತಿತ್ತು. ಇದೇ ರಾಲ್‌ಪ್ಲಗ್. ೧೯೫೮ರಲ್ಲಿ ಜರ್ಮನಿಯ ಆರ್ಟುರ್ ಫಿಷರನು ಇದನ್ನು ನೈಲಾನಿನಲ್ಲಿ ರೂಪಿಸಿದನು. ಎರಡೂ ನಮ್ಮ ಕಲ್ಲುಕುಟಿಗನ ಬೆಣೆಯ ಸಂತತಿಯೇ. ಎರಡಕ್ಕೂ ಮಣಿಯದ ಗೋಡೆ ಬೇಕು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಗೋಡೆ ರೂಪುಗೊಳ್ಳುತ್ತಿತ್ತು. ಮರದ ಚೌಕಟ್ಟಿಗೆ ಪಟ್ಟಿಗಳನ್ನು ಬಡಿದು ಗಾರೆ ಬಳಿಯುವುದು ಅಲ್ಲಿನ ಪದ್ಧತಿ. ಅಗಸ್ಟೀನ್ ಸ್ಯಾಕೆಟ್ಟನು ಕಾಗದದ ಪದರಗಳ ನಡುವೆ ಗಾರೆಯನ್ನಿಟ್ಟು ಮಾಡಿದ ಸಿದ್ಧ ಹಲಗೆಗೆ ೧೮೯೪ರಲ್ಲಿ ಹಕ್ಕುಪತ್ರ ಪಡೆದನು. ಇಂದಿನ ಜಿಪ್ಸಂ ಹಲಗೆ ಅದರಿಂದ ಬೆಳೆದುದು. ಸಾಮಾನ್ಯವಾಗಿ ೧೨.೫ ಮಿಲಿಮೀಟರು ದಪ್ಪದ ಹಲಗೆಯನ್ನು ತಗಡಿನ ಇಲ್ಲವೆ ಮರದ ಕಂಬಿಗಳಿಗೆ ತಿರುಪುಮೊಳೆಗಳಿಂದ ಕೂಡಿಸುತ್ತಾರೆ. ಕಂಬಿಗಳ ಅಂತರ ಬಹುಮಟ್ಟಿಗೆ ೪೦೦ ಅಥವಾ ೬೦೦ ಮಿಲಿಮೀಟರು. ಕಂಬ, ನಡುವೆ ಮರೆ, ಹಿಂದೆ ಟೊಳ್ಳು: ತಟ್ಟಿಯ ಮನೆಯ ರಚನೆಯೇ ಇಲ್ಲಿ ಬೇರೆ ದ್ರವ್ಯಗಳಲ್ಲಿ ಮರಳಿ ಬಂದಿದೆ.

೪

ಈ ವಂಶಾವಳಿಯನ್ನು ಒಪ್ಪಿದರೆ ಉಪಾಯಗಳ ಆಯ್ಕೆ ತಾನಾಗಿ ತಿಳಿಯಾಗುತ್ತದೆ. ಭಾರವಾದ ವಸ್ತುವಿಗೆ ಮೊದಲು ಕಂಬಿಯನ್ನು ಹುಡುಕಬೇಕು. ಬೆರಳಿನಿಂದ ತಟ್ಟಿದಾಗ ಟೊಳ್ಳು ದನಿ ಗಟ್ಟಿಯಾಗುವ ಕಡೆ ಕಂಬಿ ಇದೆಯೆಂದು ಊಹಿಸಬಹುದು. ಸಣ್ಣ ಅಯಸ್ಕಾಂತವನ್ನು ಆಡಿಸಿದರೆ ಅದು ಹಲಗೆಯ ತಿರುಪುಮೊಳೆಗಳಿಗೆ ಅಂಟಿ ಕಂಬಿಯ ಸಾಲನ್ನು ತೋರಿಸುತ್ತದೆ. ನೀರು ಕಾಯಿಸುವ ಯಂತ್ರ, ಪಾತ್ರೆಯ ಕಪಾಟು ಮುಂತಾದವಕ್ಕೆ ಗೋಡೆ ಕಟ್ಟುವಾಗಲೇ ಕಂಬಿಗಳ ನಡುವೆ ದಪ್ಪ ಪ್ಲೈವುಡ್ಡಿನ ಅಡ್ಡಹಲಗೆಯನ್ನು ಬಿಗಿದಿಡುವುದು ಉತ್ತಮ.

ಕಂಬಿ ಸಿಕ್ಕದಲ್ಲಿ ಅಡ್ಡಕಡ್ಡಿಯ ತತ್ತ್ವವನ್ನು ಹಿಡಿಯಬೇಕು. ರೆಕ್ಕೆಯ ಬೋಲ್ಟನ್ನು ಮಡಿಸಿ ರಂಧ್ರದಲ್ಲಿ ತೂರಿಸಿದರೆ ಹಿಂದೆ ಅದರ ರೆಕ್ಕೆಗಳು ಬಿಚ್ಚಿಕೊಂಡು ಹಲಗೆಯನ್ನು ಹಿಡಿಯುತ್ತವೆ. ಬೋಲ್ಟನ್ನು ಪೂರ್ತಿ ಬಿಚ್ಚಿದರೆ ರೆಕ್ಕೆ ಟೊಳ್ಳಿನೊಳಗೆ ಬಿದ್ದುಹೋಗುವುದೆಂಬುದನ್ನು ಮರೆಯಬಾರದು. ಲೋಹದ ಕೊಳವೆಯ ಇನ್ನೊಂದು ಬಗೆಯು ತಿರುಪನ್ನು ಬಿಗಿದಂತೆ ಹಿಂಬದಿಯಲ್ಲಿ ಕೊಡೆಯ ಕಡ್ಡಿಗಳಂತೆ ಅರಳುತ್ತದೆ. ಇದರಲ್ಲಿ ಮೊಳೆಯನ್ನು ತೆಗೆದು ಮತ್ತೆ ಹಾಕಬಹುದು. ಹಲಗೆಯನ್ನೇ ಕೊರೆದು ಕೂರುವ ಸುರುಳಿಯ ಪ್ಲಗ್ಗು ಚಿತ್ರಪಟದಂಥ ಹಗುರ ವಸ್ತುಗಳಿಗೆ ಮಾತ್ರ ತಕ್ಕುದು. ಇಟ್ಟಿಗೆಗೆಂದು ಮಾಡಿದ ಸಾದಾ ಪ್ಲಗ್ಗು ಇಲ್ಲಿ ನಿಷ್ಪ್ರಯೋಜಕ. ಒತ್ತಿದಷ್ಟೂ ಜಿಪ್ಸಂ ಪುಡಿಯಾಗುತ್ತದೆ.

ಭಾರದ ಜೊತೆಗೆ ಅದು ಎಳೆಯುವ ದಿಕ್ಕನ್ನೂ ಎಣಿಸಬೇಕು. ಗೋಡೆಗೆ ಒರಗಿದ ಚಿತ್ರಪಟವು ಮೊಳೆಯನ್ನು ಕೆಳಕ್ಕೆ ಎಳೆಯುತ್ತದೆ. ಮುಂಚಾಚಿದ ಕಪಾಟು ಮೇಲಿನ ಮೊಳೆಯನ್ನು ಹೊರಕ್ಕೆ ಕೀಳುತ್ತದೆ. ೧೦ ಕಿಲೋಗ್ರಾಂ ಭಾರವು ಗೋಡೆಯಿಂದ ೧೫ ಸೆಂಟಿಮೀಟರು ದೂರದಲ್ಲಿದ್ದು, ಆಸರೆಯ ಪಟ್ಟಿಯ ಎತ್ತರವೂ ೧೫ ಸೆಂಟಿಮೀಟರಾಗಿದ್ದರೆ ಮೇಲಿನ ಮೊಳೆಯ ಮೇಲಿನ ಹೊರಸೆಳೆತ ಸುಮಾರು ೧೦ ಕಿಲೋಗ್ರಾಂ. ಪಟ್ಟಿಯ ಎತ್ತರ ೫ ಸೆಂಟಿಮೀಟರೇ ಆದರೆ ಅದೇ ಸೆಳೆತ ೩೦ ಕಿಲೋಗ್ರಾಂ ಆಗುತ್ತದೆ. ಆದ್ದರಿಂದ ಉದ್ದನೆಯ ಪಟ್ಟಿಯನ್ನು ಆರಿಸುವುದು ಕ್ಷೇಮ. ಕೊರೆಯುವ ಮುನ್ನ ವಿದ್ಯುತ್ ಗುಂಡಿಗಳ ನೇರ ಮೇಲೂ ಕೆಳಗೂ ತಂತಿ ಹೋಗಿರಬಹುದೆಂಬ ಎಚ್ಚರ ಬೇಕು. ಅತಿಯಾಗಿ ಬಿಗಿಯಲೂ ಬಾರದು. ಹಲಗೆಯ ಬಲದ ಬಹುಭಾಗ ಮೇಲಿನ ಕಾಗದದಲ್ಲಿದೆ. ಅದು ಹರಿದರೆ ಆಧಾರ ಹೋಯಿತು. ತೇವ ತಗುಲಿ ಮೆತ್ತಗಾದ ಹಲಗೆಗೆ ಯಾವ ಭಾರವೂ ಸಲ್ಲದು.

೫

ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ಅಧೀನವಾದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರಚಿತವಾಯಿತು. ೨೦೦೧ರ ಫೆಬ್ರವರಿಯ ಕೊನೆಯಲ್ಲಿ ಕೆಲಸ ನಿಂತಿತು. ಅಂದಿನಿಂದ ಸಾವಿರಾರು ಮಂದಿ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಒಂದು ಕಾಲಕ್ಕೆ ಕೂಲಿಗಾರರನ್ನು ಗಣಿಗೆ ತಂದ ಹಾದಿಯೇ ಈಗ ಅವರ ಸಂತತಿಯನ್ನು ನಗರಕ್ಕೆ ಒಯ್ಯುತ್ತಿದೆ. ಅಲ್ಲಿನ ಕಚೇರಿಗಳಲ್ಲಿ ಅವರು ಕಾಣುವ ನುಣುಪಾದ ಬಿಳಿಯ ಗೋಡೆ ಅವರ ಹಿರಿಯರು ಬಾಳಿದ ತಟ್ಟಿಯ ಗೋಡೆಯ ಬಂಧುವೇ ಆಗಿದೆ.

ಅಂದು ಬಡತನದ ಗುರುತಾಗಿದ್ದ ಟೊಳ್ಳು ಗೋಡೆ ಇಂದು ನವೀನತೆಯ ಗುರುತಾಗಿರುವುದು ಸಾಮಾಜಿಕ ಇತಿಹಾಸದ ಅಭ್ಯಾಸಿಗಳು ಗಮನಿಸತಕ್ಕ ವಿಷಯ. ಗೋಡೆಯ ಬೆಲೆ ಬದಲಾಯಿತು. ಅದರ ನಿಯಮ ಬದಲಾಗಲಿಲ್ಲ. ತಟ್ಟಿಯ ಮನೆಯಲ್ಲಿ ಬಾಳುವವನಿಗೆ ಕಂಬ ಯಾವುದು, ಮರೆ ಯಾವುದು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಜಿಪ್ಸಂ ಹಲಗೆ ಆ ಭೇದವನ್ನು ಬಣ್ಣದಡಿಯಲ್ಲಿ ಮುಚ್ಚಿಡುತ್ತದೆ. ಅವನು ನೋಡಿಯೇ ಅರಿತಿದ್ದುದನ್ನು ನಾವು ತಟ್ಟಿ, ಅಳೆದು ಅರಿಯಬೇಕಾಗಿದೆ.