ಇಂಗ್ಲಿಷ್ ವ್ಯಾಕರಣದಲ್ಲಿ ಸಮಾಸನಾಮಗಳು

ಎರಡು ಅಥವಾ ಹೆಚ್ಚು ಪದಗಳು ಕೂಡಿ ಒಂದೇ ನಾಮಪದವಾಗಿ ನಿಲ್ಲುವುದನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಕಾಂಪೌಂಡ್ ನೌನ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಸಮಾಸನಾಮ ಎನ್ನಬಹುದು. ಇಂತಹ ಬಹುಪಾಲು ಪದಗಳಲ್ಲಿ ಉತ್ತರಪದವೇ ಪ್ರಧಾನ. ಪೂರ್ವಪದವು ಅದರ ವಿಶೇಷಣ. ಹೌಸ್‌ಬೋಟ್ ಎಂದರೆ ವಾಸಕ್ಕೆ ಯೋಗ್ಯವಾದ ದೋಣಿ, ಬೋಟ್‌ಹೌಸ್ ಎಂದರೆ ದೋಣಿಗಳನ್ನು ಇರಿಸುವ ಕಟ್ಟಡ. ಅರಮನೆ, ಮಳೆಗಾಲ ಮೊದಲಾದ ತತ್ಪುರುಷ ಸಮಾಸಗಳನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಈ ಕ್ರಮ ಹೊಸದಲ್ಲ.

==ಅರ್ಥ==
ಪದಗಳ ಸಂಬಂಧವನ್ನು ಸೂಚಿಸುವ ಅಂಶ ಲೋಪವಾಗಿರುವುದರಿಂದ ವಿಗ್ರಹವಾಕ್ಯವನ್ನು ಓದುಗನೇ ಗ್ರಹಿಸಬೇಕಾಗುತ್ತದೆ. ಆಲಿವ್ ಆಯಿಲ್ ಆಲಿವ್ ಹಣ್ಣಿನಿಂದ ತೆಗೆದ ಎಣ್ಣೆ. ಬೇಬಿ ಆಯಿಲ್ ಮಗುವಿಗೆ ಹಚ್ಚುವ ಎಣ್ಣೆ. ರೆಡ್‌ಹೆಡ್ ಎಂಬುದು ತಲೆಯ ಹೆಸರೇ ಅಲ್ಲ, ಕೆಂಗೂದಲಿನ ವ್ಯಕ್ತಿಯ ಹೆಸರು. ನಮ್ಮ ಮುಕ್ಕಣ್ಣನಂತೆ ಇದೂ ಅನ್ಯಪದಾರ್ಥ ಪ್ರಧಾನ. ಪಾಶ್ಚಾತ್ಯ ಭಾಷಾವಿಜ್ಞಾನಿಗಳೂ ಇದಕ್ಕೆ ಬಹುವ್ರೀಹಿ ಎಂಬ ಸಂಸ್ಕೃತದ ಹೆಸರನ್ನೇ ಬಳಸುತ್ತಾರೆ.

==ರಚನೆ==
ನಾಮಪದಕ್ಕೆ ನಾಮಪದ (ಟೂತ್‌ಬ್ರಷ್), ಗುಣವಾಚಕಕ್ಕೆ ನಾಮಪದ (ಗ್ರೀನ್‌ಹೌಸ್), ಕ್ರಿಯಾರೂಪಕ್ಕೆ ನಾಮಪದ (ಸ್ವಿಮ್ಮಿಂಗ್ ಪೂಲ್) ಸೇರಬಹುದು. ಶಬ್ದಮಣಿದರ್ಪಣದ ಕಾಲದಿಂದ ನಮ್ಮಲ್ಲಿ ಚರ್ಚೆಗೊಳಗಾದ ಅರಿಸಮಾಸದ ನಿರ್ಬಂಧ ಇಂಗ್ಲಿಷಿನಲ್ಲಿಲ್ಲ. ಭಾರತೀಯ ಇಂಗ್ಲಿಷಿನ ಲಾಠಿ ಚಾರ್ಜ್ ಇದಕ್ಕೆ ನಿದರ್ಶನ.

==ಉಚ್ಚಾರಣೆ==
ಸಮಾಸವೋ ಬಿಡಿಪದಗಳೋ ಎಂಬುದನ್ನು ಅನೇಕ ವೇಳೆ ಒತ್ತು ನಿರ್ಣಯಿಸುತ್ತದೆ. ಬ್ಲ್ಯಾಕ್ ಎಂಬಲ್ಲಿ ಒತ್ತಿದರೆ ಶಾಲೆಯ ಕರಿಹಲಗೆ. ಬೋರ್ಡ್ ಎಂಬಲ್ಲಿ ಒತ್ತಿದರೆ ಕಪ್ಪು ಬಣ್ಣದ ಯಾವುದೋ ಹಲಗೆ. ಪಠ್ಯಪುಸ್ತಕಗಳು ಈ ವಿಷಯಕ್ಕೆ ಸಾಲದಷ್ಟು ಗಮನ ಕೊಡುತ್ತವೆ. ನಿಯಮಕ್ಕೆ ಅಪವಾದಗಳೂ ಉಂಟು: ಆಪಲ್ ಪೈ ಎಂಬಲ್ಲಿ ಒತ್ತು ಸಾಮಾನ್ಯವಾಗಿ ಪೈ ಮೇಲೆ.

==ಬರವಣಿಗೆ==
ಕೂಡಿಸಿ, ಬಿಡಿಸಿ, ಕಿರುಗೆರೆಯಿಟ್ಟು ಎಂಬ ಮೂರು ರೀತಿಗಳಿವೆ. ಯಾವುದಕ್ಕೆ ಯಾವುದು ಎಂಬ ಖಚಿತ ಸೂತ್ರವಿಲ್ಲ. ನಿಘಂಟನ್ನು ನೋಡುವುದೇ ದಾರಿ. ಆದರೆ ನಿಘಂಟೂ ಬದಲಾಗುತ್ತದೆ. 2007ರಲ್ಲಿ ಪ್ರಕಟವಾದ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ 6ನೆಯ ಆವೃತ್ತಿಯು ಸುಮಾರು 16,000 ಪದಗಳ ಕಿರುಗೆರೆಯನ್ನು ಕೈಬಿಟ್ಟಿತು. ಆಗ ಐಸ್ ಕ್ರೀಮ್ ಎರಡು ಪದಗಳಾಯಿತು, ಬಂಬಲ್‌ಬೀ ಒಂದಾಯಿತು.

==ಬಹುವಚನ==
ಬಹುವಚನ ಪ್ರತ್ಯಯ ಪ್ರಧಾನಪದಕ್ಕೆ ಹತ್ತುತ್ತದೆ. ಆದುದರಿಂದ ಮದರ್-ಇನ್-ಲಾ ಎಂಬುದರ ಬಹುವಚನ ಮದರ್ಸ್-ಇನ್-ಲಾ. ಪಾಸರ್‌ಬೈ ಎಂಬುದು ಪಾಸರ್ಸ್‌ಬೈ. ಪೂರ್ವಪದ ಸಾಮಾನ್ಯವಾಗಿ ಏಕವಚನದಲ್ಲಿಯೇ ಉಳಿಯುತ್ತದೆ: ಎಲ್ಲ ಹಲ್ಲುಗಳನ್ನು ಉಜ್ಜಿದರೂ ಅದು ಟೂತ್‌ಬ್ರಷ್, ಟೀತ್‌ಬ್ರಷ್ ಅಲ್ಲ. ಸ್ಪೋರ್ಟ್ಸ್ ಡೇ ಇದಕ್ಕೆ ಹೊರತು. ವುಮನ್ ಡಾಕ್ಟರ್ ಎಂಬಲ್ಲಿ ಮಾತ್ರ ಎರಡೂ ಪದಗಳು ಬದಲಾಗಿ ವಿಮೆನ್ ಡಾಕ್ಟರ್ಸ್ ಆಗುತ್ತದೆ.