ಗೋಡೆಯಿಲ್ಲದ ಬಂದೀಖಾನೆ

ಮನುಷ್ಯನ ಮನಸ್ಸು ಅವನಿರುವ ನೆಲೆಯ ಬಣ್ಣವನ್ನೇ ತಳೆಯುವುದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಆದರೆ ಅದನ್ನು ರಾಜ್ಯಭಾರದಲ್ಲಿ ಪ್ರಯೋಗಿಸಿ ನೋಡಿದವರು ವಿರಳ. ಅಂಥದೊಂದು ಪ್ರಯೋಗವು ಪರದೇಶದಲ್ಲಲ್ಲ, ನಮ್ಮ ಆರಗವಿರುವ ಈ ಸಾಂಗಲಿ ಜಿಲ್ಲೆಯಲ್ಲಿಯೇ, ಆಟಪಾಡಿಯ ಬಳಿಯ ಸ್ವತಂತ್ರಪುರದಲ್ಲಿ ನಡೆಯಿತು.

ಆಟಪಾಡಿ ಆಗ ಔಂಧ ಸಂಸ್ಥಾನಕ್ಕೆ ಸೇರಿತ್ತು. ಆ ಪುಟ್ಟ ಸಂಸ್ಥಾನದ ತುಣುಕುಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ವಿಜಾಪುರ ಸೀಮೆಯ ಗುಣದಾಳವೂ ಅದರದೇ. ಔಂಧದ ಪ್ರಜೆಗಳಲ್ಲಿ ಕನ್ನಡಿಗರೂ ಇದ್ದರೆಂಬುದನ್ನು ನಾವು ಮರೆಯಲಾಗದು. ಅರಸರಾದ ಭವಾನರಾವ ಪಂತ ಪ್ರತಿನಿಧಿಯವರು ಚಿತ್ರಕಾರರು, ಸೂರ್ಯನಮಸ್ಕಾರದ ಮಹಾಪ್ರಚಾರಕರು. ನಮ್ಮ ಬೆಳಗಾವಿ ಸೀಮೆಯ ಲಕ್ಷ್ಮಣರಾವ ಕಿರ್ಲೋಸ್ಕರರಿಗೆ 1910ರಲ್ಲಿ ಕುಂಡಲದ ಬಳಿ ಕಳ್ಳಿ ಬೆಳೆದ ಬಯಲನ್ನು ಕೊಟ್ಟು ಕಿರ್ಲೋಸ್ಕರವಾಡಿಗೆ ಕಾರಣರಾದವರೂ ಇವರೇ. 1939ರಲ್ಲಿ ಗಾಂಧೀಜಿಯವರ ಸಲಹೆ ಪಡೆದು ಆಳುವ ಅಧಿಕಾರವನ್ನೇ ಪ್ರಜೆಗಳಿಗೆ ಬಿಟ್ಟುಕೊಟ್ಟರು. ಅವರಿಗೂ ಅವರ ಮಗ ಅಪ್ಪಾ ಪಂತರಿಗೂ ಒತ್ತಾಸೆಯಾಗಿ ನಿಂತವರು ಮೊರಿಸ್ ಫ್ರೀಡ್‌ಮನ್. ಪೋಲೆಂಡಿನಲ್ಲಿ ಹುಟ್ಟಿದ ಇಂಜಿನಿಯರು, ಅದಕ್ಕೂ ಮುನ್ನ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು.

ಸ್ವತಂತ್ರಪುರವು ಆ ಕಾಲದ ಕೂಸು. ಘೋರ ಅಪರಾಧಕ್ಕೆ ಶಿಕ್ಷೆ ಹೊಂದಿದವರೂ ಇಲ್ಲಿ ಕೈಕೋಳವಿಲ್ಲದೆ, ಸುತ್ತುಗೋಡೆಯಿಲ್ಲದೆ, ಹೆಂಡಿರು ಮಕ್ಕಳೊಡನೆ ಬಾಳಿ ಹೊಲ ಉಳುವರು. ಮುಚ್ಚಿದ ಸೆರೆಮನೆಯಲ್ಲಿ ಮನುಷ್ಯನು ಕಳೆದುಕೊಳ್ಳುವುದು ಬರಿಯ ತಿರುಗಾಟವನ್ನಲ್ಲ. ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಪರರ ಗಂಟೆಗೆ. ನಾಳೆಗಾಗಿ ಯೋಚಿಸಬೇಕಾದುದೇ ಇಲ್ಲ. ಯೋಚಿಸುವ ಕೆಲಸವಿಲ್ಲದ ಮನಸ್ಸು ಕೊಳೆಯುವುದು, ಇಲ್ಲವೆ ಕಿಡಿಕಾರುವುದು. ಆಟಪಾಡಿಯೋ ಬರದ ಸೀಮೆ. ಮಳೆ ಬಂದೀತೇ ಎಂಬ ಚಿಂತೆ ಸ್ವತಂತ್ರಪುರದವನನ್ನೂ ಬಿಡದು. ಆದರೆ ಅದು ಒಕ್ಕಲಿಗನ ಚಿಂತೆ, ಕೈದಿಯ ಚಿಂತೆಯಲ್ಲ; ಈ ಅಂತರವೇ ಅಲ್ಲಿಯ ಮದ್ದು ಎಂದು ನಾವು ತಿಳಿಯುತ್ತೇವೆ. ಅಲ್ಲಿಗೆ ಹೋಗುವವರು ಆಯ್ದ ಕೈದಿಗಳೆಂಬುದೂ ದಿಟ. ನೆಲೆ ಬದಲಾದರೆ ಎಂಥವನೂ ತಿದ್ದಿಕೊಳ್ಳುವನೆಂದು ಇದರಿಂದ ಸಾಧಿಸಲಾಗದು.

1948ರಲ್ಲಿ ಔಂಧವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ವಸಾಹತು ಅಳಿಯಲಿಲ್ಲ. 1955ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನವು ಬಯಲು ಬಂದೀಖಾನೆಗಳನ್ನು ಶಿಫಾರಸು ಮಾಡುವಾಗ ಸ್ವತಂತ್ರಪುರದ ಹೊಲಗಳು ಹಲವು ಸುಗ್ಗಿಗಳನ್ನು ಕಂಡಿದ್ದವು. 1957ರಲ್ಲಿ ವ್ಹಿ. ಶಾಂತಾರಾಮರು ಇದನ್ನೇ ಆಧರಿಸಿ 'ದೋ ಆಂಖೇಂ ಬಾರಹ ಹಾಥ' ಚಿತ್ರ ತೆಗೆದರು. ಕಥೆ ಹೆಣೆದ ಗ. ದಿ. ಮಾಡಗೂಳಕರರು ಆ ಮಾಣದೇಶದವರೇ. ಮರುವರ್ಷ ಬರ್ಲಿನ್ನಿನಲ್ಲಿ ಅದಕ್ಕೆ ಬೆಳ್ಳಿಯ ಕರಡಿ ದೊರೆಯಿತು.

ಚಿತ್ರದಲ್ಲಿ ಕೈದಿಗಳ ಮೇಲೆ ನಿಂತ ಜೈಲರನ ಕಣ್ಣುಗಳೇ ನಾಯಕ. ಸ್ವತಂತ್ರಪುರದಲ್ಲಾದರೋ ಸಂಜೆ ಹೊಲದಿಂದ ಮರಳುವವನನ್ನು ಕಾಯುತ್ತಿದ್ದ ಕಣ್ಣುಗಳು ಅವನ ಹೆಂಡತಿ ಮಕ್ಕಳವು.